ಒಂದೇ ಮುದ್ರೆ, ಎರಡು ಊರು: ಮಹಾರಾಜ ಮತ್ತು ಸೆಂಟ್ರಲ್ ಪೈಪೋಟಿಯ ಪ್ರಕರಣ

ವಿಶ್ವವಿದ್ಯಾಲಯವೊಂದು ಹೇಗೆ ದೊಡ್ಡದಾಗುತ್ತದೆ ಎಂಬ ಮಾತು ನಮ್ಮ ಕಡೆ ಶುರುವಾದರೆ ಬಹಳ ಬೇಗ ಊರಭಿಮಾನದ ಜಗಳಕ್ಕೆ ಇಳಿಯುತ್ತದೆ. ಮೈಸೂರಿನಲ್ಲಿ ಓದಿದವರು ಮಹಾರಾಜ ಕಾಲೇಜಿನ ಪ್ರಾಧ್ಯಾಪಕರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಬೆಂಗಳೂರಿನವರು ಸೆಂಟ್ರಲ್ ಕಾಲೇಜಿನ ಪ್ರಯೋಗಾಲಯದ ಕಡೆ ಬೆರಳು ತೋರಿಸುತ್ತಾರೆ. ಧಾರವಾಡದವರು, ನಿಮ್ಮಿಬ್ಬರದು ಮುಗಿಯಲಿ, ಆಮೇಲೆ ಕರ್ನಾಟಕ ಕಾಲೇಜಿನ ಕಥೆ ಹೇಳುತ್ತೇವೆ ಎಂದು ಕಾಯುತ್ತಾರೆ. ಈ ವಾಗ್ವಾದದ ನಡುವೆ ಒಂದು ಸಂಗತಿ ಮರೆತುಹೋಗುತ್ತದೆ. 1916ರಿಂದ 1964ರವರೆಗೆ ಮಹಾರಾಜ ಮತ್ತು ಸೆಂಟ್ರಲ್ ಒಂದೇ ವಿಶ್ವವಿದ್ಯಾಲಯದ ಎರಡು ಕಾಲೇಜುಗಳಾಗಿದ್ದವು. ಎರಡೂ ಕಡೆ ಓದಿದವರ ಪದವಿ ಪತ್ರದ ಮೇಲೆ ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಮುದ್ರೆಯೇ.

ಆ ನಲವತ್ತೆಂಟು ವರ್ಷಗಳಲ್ಲಿ ಎರಡು ಕಾಲೇಜುಗಳ ನಡುವೆ ಪೈಪೋಟಿ ಇರಲಿಲ್ಲವೇ? ಬೇಕಾದಷ್ಟು ಇತ್ತು. ಆದರೂ ಆ ಪೈಪೋಟಿಯಿಂದ ವಿಶ್ವವಿದ್ಯಾಲಯ ಸೊರಗಲಿಲ್ಲ. ಎರಡು ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳ ಪಾಲಾದ ಮೇಲೆ ಪೈಪೋಟಿ ಉಳಿಯಿತು, ಅದರಿಂದ ಬರುತ್ತಿದ್ದ ಫಲ ಮಾತ್ರ ಕಡಿಮೆಯಾಯಿತು. ಹೀಗೇಕೆ ಆಯಿತು ಎಂಬುದು ಈ ಪ್ರಕರಣದ ಪ್ರಶ್ನೆ.

ಮದರಾಸಿನ ಪ್ರಶ್ನೆಪತ್ರಿಕೆಯಿಂದ ಬಿಡುಗಡೆ

ಮಹಾರಾಜ ಕಾಲೇಜಿನ ಬೇರು 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತೆರೆದ ಉಚಿತ ಇಂಗ್ಲಿಷ್ ಶಾಲೆಯಲ್ಲಿದೆ. ಸೆಂಟ್ರಲ್ ಕಾಲೇಜು 1858ರಲ್ಲಿ ಬೆಂಗಳೂರಿನ ಹೈಸ್ಕೂಲಾಗಿ ಹುಟ್ಟಿ, 1875ರಲ್ಲಿ ಈಗಿನ ಹೆಸರು ಪಡೆಯಿತು. ಎರಡೂ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಂದರೆ ಏನು ಓದಬೇಕು, ಯಾವ ಪ್ರಶ್ನೆಗೆ ಉತ್ತರ ಬರೆಯಬೇಕು, ಯಾರು ಪಾಸು ಎಂಬುದೆಲ್ಲ ಮದರಾಸಿನಲ್ಲಿ ತೀರ್ಮಾನವಾಗುತ್ತಿತ್ತು. ಸಂಸ್ಥಾನ ಸಂಬಳ ಕೊಟ್ಟು ಅಧ್ಯಾಪಕರನ್ನು ಇಟ್ಟುಕೊಂಡಿತ್ತು, ಆದರೆ ಅವರಿಗೆ ತಾವು ಕಲಿಸಿದ್ದನ್ನು ತಾವೇ ಅಳೆಯುವ ಅಧಿಕಾರವಿರಲಿಲ್ಲ.

1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರಿಗೆ ಇದು ಒಗ್ಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಒಗ್ಗಲಿಲ್ಲ. ಮಹಾರಾಜ ಕಾಲೇಜಿನ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್ಹ್ಯಾಮ್ ಹೊರದೇಶಗಳ ವಿಶ್ವವಿದ್ಯಾಲಯಗಳನ್ನು ಅಭ್ಯಾಸ ಮಾಡಿ ವರದಿ ಕೊಟ್ಟರು. ಅವರು ಯಾವ ಒಂದು ವಿಶ್ವವಿದ್ಯಾಲಯವನ್ನೂ ಇಡಿಯಾಗಿ ನಕಲು ಮಾಡಲು ಹೇಳಲಿಲ್ಲ ಎಂಬುದು ಆ ವರದಿಯ ಜಾಣತನ. ಸಂಶೋಧನೆಗೆ ಷಿಕಾಗೊ, ಜನಸಾಮಾನ್ಯರ ಬಳಿಗೆ ವಿದ್ಯೆಯನ್ನು ಒಯ್ಯುವುದಕ್ಕೆ ವಿಸ್ಕಾನ್ಸಿನ್, ವಿದ್ಯಾರ್ಥಿಗಳನ್ನು ಸಾರ್ವಜನಿಕ ಬದುಕಿಗೆ ಸಜ್ಜುಗೊಳಿಸಲು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್. ಹೀಗೆ ಮೂರು ಕಡೆಯಿಂದ ಆಯ್ದುಕೊಂಡರು. ಈ ಮೂರರಲ್ಲಿ ಎರಡು ಮೈಸೂರಿನಲ್ಲಿ ಬೇರು ಬಿಟ್ಟವು, ಒಂದು ಬಿಡಲಿಲ್ಲ. ಅದರ ಕಾರಣ ಮುಂದೆ ಬರುತ್ತದೆ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದರ ಮೊದಲ ವಿಶ್ವವಿದ್ಯಾಲಯ ಇದು. ಮಹಾರಾಜರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಕನ್ನಡ ಸಾಹಿತ್ಯ ಪರಿಷತ್ತಿಗೂ ನಂಜುಂಡಯ್ಯನವರೇ ಮೊದಲ ಅಧ್ಯಕ್ಷರು. ಅಧಿಕಾರಿ ವರ್ಗದಿಂದ ಬಂದವರನ್ನು ಕುಲಪತಿ ಮಾಡಿದರೆ ಮೂಗು ಮುರಿಯುವ ಅಭ್ಯಾಸ ಈಗ ನಮಗಿದೆ, ಅದಕ್ಕೆ ಸಾಕಷ್ಟು ಕಾರಣವೂ ಇದೆ. ನಂಜುಂಡಯ್ಯನವರು ಅದಕ್ಕೆ ಅಪವಾದ.

ಕಲೆ ಇಲ್ಲಿ, ವಿಜ್ಞಾನ ಅಲ್ಲಿ

ಹೊಸ ವಿಶ್ವವಿದ್ಯಾಲಯ ಎಲ್ಲಿರಬೇಕು? ಮೈಸೂರು ಅರಮನೆಯ ಊರು, ಪಾಂಡಿತ್ಯದ ಊರು. ಬೆಂಗಳೂರು ಆಡಳಿತದ ಊರು. ಅಲ್ಲಿ ದಂಡು ಪ್ರದೇಶವಿತ್ತು, ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಹುಟ್ಟಿದ ಟಾಟಾ ವಿಜ್ಞಾನ ಸಂಸ್ಥೆಯೂ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ಇತ್ತು. ಎರಡೂ ಊರಿಗೂ ಹಕ್ಕು ಹೇಳಲು ಕಾರಣವಿತ್ತು.

ಕೊನೆಗೆ ಆದದ್ದು ಒಂದು ಹಂಚಿಕೆ. ಕೇಂದ್ರಸ್ಥಾನ ಮೈಸೂರು. ಕಲಾ ವಿಷಯಗಳು ಮಹಾರಾಜ ಕಾಲೇಜಿಗೆ, ವಿಜ್ಞಾನ ವಿಷಯಗಳು ಸೆಂಟ್ರಲ್ ಕಾಲೇಜಿಗೆ. ಮರುವರ್ಷ, 1917ರಲ್ಲಿ, ಎಂಜಿನಿಯರಿಂಗ್ ಕಾಲೇಜು ಬೆಂಗಳೂರಿನಲ್ಲಿ ತೆರೆಯಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಹೋಯಿತು. ಎರಡು ಊರುಗಳ ನಡುವೆ ಸುಮಾರು 140 ಕಿಲೋಮೀಟರ್ ದೂರ. 1882ರ ಹೊತ್ತಿಗೇ ಮುಗಿದಿದ್ದ ರೈಲುದಾರಿ ಇಲ್ಲದಿದ್ದರೆ ಈ ಏರ್ಪಾಟು ವರ್ಷವೂ ಬಾಳುತ್ತಿರಲಿಲ್ಲ.

ಈ ಹಂಚಿಕೆಯನ್ನು ಆದರ್ಶವೆಂದು ಹೊಗಳಲು ನಾನು ತಯಾರಿಲ್ಲ. ತತ್ವಶಾಸ್ತ್ರ ಓದುವವನಿಗೆ ರಸಾಯನಶಾಸ್ತ್ರ ಓದುವವನ ಪರಿಚಯವೇ ಆಗದಂಥ ವಿಶ್ವವಿದ್ಯಾಲಯ ಎಂಥದ್ದು? ಮೈಸೂರಿನ ಬಡವರ ಮನೆಯ ಹುಡುಗನಿಗೆ ಭೌತವಿಜ್ಞಾನ ಬೇಕಿದ್ದರೆ ಬೆಂಗಳೂರಿನಲ್ಲಿ ಊಟ, ವಸತಿ ಹುಡುಕಿಕೊಳ್ಳಬೇಕಿತ್ತು. ಎಲ್ಲರೂ ಒಂದೇ ಆವರಣದಲ್ಲಿ ಬಾಳಿ ಕಲಿತು ಸಾರ್ವಜನಿಕ ಬದುಕಿಗೆ ಸಜ್ಜಾಗುವ ಆಕ್ಸ್‌ಫರ್ಡ್ ಮಾದರಿ ಮೈಸೂರಿನಲ್ಲಿ ಬೇರು ಬಿಡದಿದ್ದಕ್ಕೆ ಮೊದಲ ಕಾರಣ ಈ ಹಂಚಿಕೆಯೇ. ವಿಶ್ವವಿದ್ಯಾಲಯ ಹುಟ್ಟುವಾಗಲೇ ಅದನ್ನು ಕೈಬಿಟ್ಟ ಹಾಗಾಯಿತು.

ಆದರೆ ಹಂಚಿಕೆಯಿಂದ ಇನ್ನೊಂದು ಪರಿಣಾಮವೂ ಆಯಿತು. ಮಹಾರಾಜ ಕಾಲೇಜು ಎಷ್ಟೇ ಮೆರೆದರೂ ತಾನೊಂದೇ ವಿಶ್ವವಿದ್ಯಾಲಯ ಎನ್ನುವಂತಿರಲಿಲ್ಲ, ಅದರ ಬಳಿ ವಿಜ್ಞಾನವಿರಲಿಲ್ಲ. ಸೆಂಟ್ರಲ್ ಹಾಗೆ ಹೇಳುವಂತಿರಲಿಲ್ಲ, ಅದರ ಬಳಿ ಇತಿಹಾಸ, ತತ್ವಶಾಸ್ತ್ರಗಳಿರಲಿಲ್ಲ. ಎರಡಕ್ಕೂ ಒಂದೇ ಸೆನೆಟ್, ಒಂದೇ ಬೊಕ್ಕಸ. ಭಾಷಾ ವಿಷಯಗಳಲ್ಲಿ ಪರೀಕ್ಷೆಯೂ ಒಂದೇ. ಅಧ್ಯಾಪಕರು ಸರ್ಕಾರಿ ನೌಕರರಾದ್ದರಿಂದ ಅವರನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ವರ್ಗಾಯಿಸಬಹುದಿತ್ತು. ವರ್ಗಾವಣೆ ಎಂದರೆ ಶಿಕ್ಷೆ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು, ಆದರೆ ಈ ವಿಶ್ವವಿದ್ಯಾಲಯದ ರಕ್ತ ಸಂಚಾರ ನಡೆದದ್ದು ವರ್ಗಾವಣೆಯಿಂದಲೇ. ಬಿ.ಎಂ. ಶ್ರೀಕಂಠಯ್ಯನವರು ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು, ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆದರು, ಆಮೇಲೆ ಸೆಂಟ್ರಲ್ ಕಾಲೇಜಿಗೆ ಹೋಗಿ ಪ್ರಾಧ್ಯಾಪಕರಾದರು. ಕುವೆಂಪು 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದವರು 1936ರಲ್ಲಿ ಬೆಂಗಳೂರಿನ ಸೆಂಟ್ರಲ್‌ಗೆ ಬಂದರು, ಮತ್ತೆ ಮೈಸೂರಿಗೆ ಮರಳಿದರು. ಇವರಲ್ಲಿ ಯಾರು ಯಾವ ಕಾಲೇಜಿನವರು ಎಂದು ಇವತ್ತು ಕೇಳಿದರೆ ಎರಡೂ ಕಡೆಯವರು ತಮ್ಮವರೆನ್ನುತ್ತಾರೆ, ಇಬ್ಬರೂ ಸರಿ.

ಹೋದವರು, ಬಂದವರು

1918ರಲ್ಲಿ ಮೈಸೂರು ಮೂವತ್ತು ವರ್ಷದ ಒಬ್ಬ ತತ್ವಶಾಸ್ತ್ರದ ಅಧ್ಯಾಪಕರನ್ನು ಕರೆತಂದಿತು, ಸರ್ವೇಪಲ್ಲಿ ರಾಧಾಕೃಷ್ಣನ್. ಇತಿಹಾಸಕ್ಕೆ ರಾಧಾಕುಮುದ ಮುಖರ್ಜಿ, ಅರ್ಥಶಾಸ್ತ್ರಕ್ಕೆ ಕೆ.ಟಿ. ಷಾ ಬಂದರು. ಸಂಸ್ಕೃತಕ್ಕೆ ಎಂ. ಹಿರಿಯಣ್ಣ ಇಲ್ಲೇ ಇದ್ದರು. ಎ.ಆರ್. ವಾಡಿಯಾ ತತ್ವಶಾಸ್ತ್ರಕ್ಕೆ, ಜೆ.ಸಿ. ರಾಲೊ ಇಂಗ್ಲಿಷಿಗೆ. ತೆಲುಗರು, ಬಂಗಾಳಿಗಳು, ಗುಜರಾತಿಗಳು, ಪಾರ್ಸಿಗಳು, ಇಂಗ್ಲಿಷರು. ಮೈಸೂರಿನ ಕೆಲಸ ಮೈಸೂರಿನವರಿಗೇ ಸಿಗಬೇಕು ಎಂಬ ಕೂಗು ಆಗಲೇ ಗಟ್ಟಿಯಾಗಿದ್ದ ಕಾಲ ಅದು, ಮದರಾಸಿನಿಂದ ಬಂದು ಹುದ್ದೆ ಹಿಡಿದವರ ಮೇಲಿನ ಅಸಮಾಧಾನ ಸಂಸ್ಥಾನದ ರಾಜಕೀಯದಲ್ಲಿ ಹಳೆಯದು. ಅಂಥ ಹೊತ್ತಿನಲ್ಲಿ ವಿಶ್ವವಿದ್ಯಾಲಯಕ್ಕೆ ಮಾತ್ರ ಹೊರಗಿನವರಿಗಾಗಿ ಬಾಗಿಲು ತೆರೆದಿಟ್ಟದ್ದು ಸಣ್ಣ ಧೈರ್ಯವಲ್ಲ.

1918ರ ಮೊದಲ ಘಟಿಕೋತ್ಸವಕ್ಕೆ ಭಾಷಣಕಾರರಾಗಿ ಕಲ್ಕತ್ತೆಯ ಸರ್ ಆಶುತೋಷ್ ಮುಖರ್ಜಿ ಬಂದರು. ಕಲ್ಕತ್ತಾ ವಿಶ್ವವಿದ್ಯಾಲಯವನ್ನು ಸಂಶೋಧನೆಯ ನೆಲೆಯಾಗಿ ಕಟ್ಟುತ್ತಿದ್ದ ಅವರ ಕಣ್ಣು ದೇಶದುದ್ದಕ್ಕೂ ಒಳ್ಳೆಯ ಅಧ್ಯಾಪಕರನ್ನು ಹುಡುಕುತ್ತಿತ್ತು. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತಾ ವಿಶ್ವವಿದ್ಯಾಲಯದ ಐದನೇ ಜಾರ್ಜ್ ತತ್ವಶಾಸ್ತ್ರ ಪೀಠಕ್ಕೆ ಹೊರಟರು. ಮೈಸೂರಿನ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಗಾಡಿ ಎಳೆದುಕೊಂಡು ಅವರನ್ನು ರೈಲು ನಿಲ್ದಾಣಕ್ಕೆ ಒಯ್ದ ಕಥೆ ಎಲ್ಲರಿಗೂ ಗೊತ್ತು. ಅದೇ ಸುಮಾರಿಗೆ ರಾಧಾಕುಮುದ ಮುಖರ್ಜಿ ಲಖನೌಗೆ ಹೋದರು. ಐದು ವರ್ಷ ತುಂಬುವುದರೊಳಗೆ ಹೊಸ ವಿಶ್ವವಿದ್ಯಾಲಯ ತನ್ನ ಅತ್ಯುತ್ತಮರಲ್ಲಿ ಇಬ್ಬರನ್ನು ಕಳೆದುಕೊಂಡಿತು.

ಸಾರೋಟಿನ ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದರ ಮುಂದಿನ ಭಾಗ ನನಗೆ ಹೆಚ್ಚು ಮುಖ್ಯ. ರಾಧಾಕೃಷ್ಣನ್ ಹೋಗಿ ಕುಳಿತ ಪೀಠದಲ್ಲಿ ಅವರಿಗೆ ಮೊದಲು ಇದ್ದವರು ಬ್ರಜೇಂದ್ರನಾಥ ಸೀಲ್. ಸುಮಾರು ಅದೇ ಹೊತ್ತಿಗೆ ಸೀಲ್ ಮೈಸೂರಿಗೆ ಕುಲಪತಿಯಾಗಿ ಬಂದರು, 1930ರವರೆಗೆ ಇದ್ದರು. ಕಲ್ಕತ್ತೆ ಒಬ್ಬ ಯುವ ತತ್ವಜ್ಞಾನಿಯನ್ನು ಒಯ್ದಿತು, ಆ ಪೀಠದ ಹಿರಿಯನನ್ನು ಮೈಸೂರು ಕರೆತಂದಿತು. ಗಣಿತದಿಂದ ಹಿಂದೂ ವಿಜ್ಞಾನದ ಇತಿಹಾಸದವರೆಗೆ ಓಡಾಡುವ ಬುದ್ಧಿ ಸೀಲ್ ಅವರದು. ಸಂಸ್ಥಾನದ ರಾಜ್ಯಾಂಗ ಸುಧಾರಣೆಯ ಸಮಿತಿಗೂ ನಾಲ್ವಡಿಯವರು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು.

ಇದರಲ್ಲಿ ಪೈಪೋಟಿಯ ಒಂದು ಪಾಠವಿದೆ. ದೊಡ್ಡ ವಿಶ್ವವಿದ್ಯಾಲಯ ತನ್ನವರನ್ನು ಕಟ್ಟಿಹಾಕಿಕೊಂಡು ದೊಡ್ಡದಾಗುವುದಿಲ್ಲ. ಒಳ್ಳೆಯವರು ಹೋಗುತ್ತಾರೆ, ಹೋಗಲೇಬೇಕು. ಅವರು ತೆರವು ಮಾಡಿದ ಕುರ್ಚಿಗೆ ಅದೇ ಎತ್ತರದ ಇನ್ನೊಬ್ಬರನ್ನು ಎಲ್ಲಿಂದಲಾದರೂ ಕರೆತರುವ ಹಟ, ಹಣ, ಹೆಸರು ಇದೆಯೇ ಎಂಬುದನ್ನು ನೋಡಬೇಕು. 1920ರ ದಶಕದ ಮೈಸೂರಿಗೆ ಮೂರೂ ಇತ್ತು.

ವಿಜ್ಞಾನದ ಕಾಲೇಜಿನಲ್ಲಿ ಕನ್ನಡ

ಹಂಚಿಕೆಯ ಲೆಕ್ಕದಲ್ಲಿ ಕನ್ನಡದ ಕೆಲಸ ಮೈಸೂರಿನಲ್ಲಿ, ಮಹಾರಾಜ ಕಾಲೇಜಿನಲ್ಲಿ ಮೊದಲು ಶುರುವಾಗಬೇಕಿತ್ತು. ಪಂಡಿತರು ಇದ್ದದ್ದು ಅಲ್ಲಿ. ಆದದ್ದು ಬೇರೆ. ವಿಜ್ಞಾನದ ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕರ್ನಾಟಕ ಸಂಘ ಮಾಡಿದರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಭೌತವಿಜ್ಞಾನ, ರಸಾಯನಶಾಸ್ತ್ರ ಓದುತ್ತಿದ್ದ ಹುಡುಗರ ಕಾಲೇಜಿನಿಂದ ಕನ್ನಡದ ಗಂಭೀರ ಸಾಹಿತ್ಯ ಪತ್ರಿಕೆ! ಅದೇ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಿಕವನ್ನು ಹೊರತರಲು ಕೈಹಾಕಿದರು. ಮುಂದೆ ಪಂಪ ಭಾರತದ ಸಂಪಾದನೆಯಲ್ಲೂ ಅವರ ಕೈಯಿತ್ತು. ಭೌತವಿಜ್ಞಾನದ ಮೇಷ್ಟರು ಹಳಗನ್ನಡ ಕಾವ್ಯ ಸಂಪಾದಿಸುವುದನ್ನು ಈಗಿನ ನೇಮಕಾತಿ ಸಮಿತಿಯ ಮುಂದಿಟ್ಟರೆ, ಅದು ಯಾವ ಕಾಲಂನಲ್ಲಿ ಬರುತ್ತದೆ ಎಂದು ಕೇಳುತ್ತಾರೆ.

ಮೈಸೂರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಮಹಾರಾಜ ಕಾಲೇಜಿನಲ್ಲೂ ಕರ್ನಾಟಕ ಸಂಘ ಬೆಳೆಯಿತು, ಹೊಸ ಕವಿಗಳ ಕವನ ಸಂಗ್ರಹಗಳನ್ನು ಪ್ರಕಟಿಸಿತು. 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು, 1929ರಲ್ಲಿ ಅದರಿಂದ ಹೊರಬಂದವರಲ್ಲಿ ಕುವೆಂಪು ಒಬ್ಬರು. ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾದರು. ಬೆಂಗಳೂರಿನ ಸಂಘದಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ನಾಟಕ’ವನ್ನು ಮುಂದೆ ವಿಶ್ವವಿದ್ಯಾಲಯವೇ ವಹಿಸಿಕೊಂಡಿತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋದರೆ ಈ ಪ್ರಕರಣ ಅರ್ಧವಾಗುತ್ತದೆ. ಕೃಷ್ಣಶಾಸ್ತ್ರಿಗಳು ಮತ್ತು ವೆಂಕಣ್ಣಯ್ಯನವರು ಆಪ್ತ ಸ್ನೇಹಿತರು. ಕನ್ನಡದ ಅಶ್ವಿನೀ ದೇವತೆಗಳು ಎಂದು ಇಬ್ಬರನ್ನೂ ಜೊತೆಯಾಗಿಯೇ ಕರೆಯುತ್ತಿದ್ದರು. ಹೊರಗಿನಿಂದ ನೋಡಿದರೆ ಎರಡು ಕಾಲೇಜು, ಎರಡು ಸಂಘ, ಎರಡು ಪ್ರಕಟಣೆಯ ಸಾಲು. ಒಳಗೆ, ಪಾಠ್ಯ ಗೊತ್ತುಮಾಡುವ ಮೇಜಿನ ಸುತ್ತ ಕೂರುತ್ತಿದ್ದವರು ಒಂದೇ ಬಳಗದವರು. ಬೆಂಗಳೂರಿನಲ್ಲಿ ಒಂದು ಪುಸ್ತಕ ಬಂದರೆ ಮೈಸೂರಿನಲ್ಲಿ ಇನ್ನೊಂದು ಬರಬೇಕು ಎಂಬ ತುಡಿತ ಅವರಿಗೆ ಇತ್ತು. ಆದರೆ ಬೆಂಗಳೂರಿನ ಪುಸ್ತಕವೇ ಮೈಸೂರಿನ ತರಗತಿಗೂ ಪಠ್ಯ. ಎದುರಾಳಿ ಚೆನ್ನಾಗಿ ಮಾಡಿದರೆ ತನಗೂ ಲಾಭ ಎನ್ನುವಂಥ ಪೈಪೋಟಿ ಇದು.

ವಿಸ್ಕಾನ್ಸಿನ್ ಮಾದರಿ ಬೇರು ಬಿಟ್ಟದ್ದೂ ಈ ಕನ್ನಡದ ಕೆಲಸದ ಮೂಲಕವೇ. 1933ರಿಂದ ಪ್ರಚಾರೋಪನ್ಯಾಸಗಳು ಶುರುವಾದವು. ಪ್ರಾಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ, ಕಾಲೇಜಿನ ಮೆಟ್ಟಿಲು ಹತ್ತದವರ ಮುಂದೆ ತಮ್ಮ ವಿಷಯವನ್ನು ಕನ್ನಡದಲ್ಲಿ ಹೇಳಬೇಕು. ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಮುಂದೆ ಕುವೆಂಪು ಅವರ ಕಾಲದಲ್ಲಿ ಪ್ರಸಾರಾಂಗ ಎಂಬ ಹೆಸರು ಪಡೆದದ್ದು ಈ ಕೆಲಸವೇ. 1946ರಲ್ಲಿ ವಿಶ್ವವಿದ್ಯಾಲಯದ ಇಂಗ್ಲಿಷ್ ಕನ್ನಡ ನಿಘಂಟು ಬಂತು. ನಮ್ಮ ಅಪ್ಪ, ಅಜ್ಜಂದಿರ ಪೀಳಿಗೆಯ ಎಷ್ಟೋ ಮನೆಗಳಲ್ಲಿ ವಿಶ್ವವಿದ್ಯಾಲಯದ ಗುರುತು ಎಂದರೆ ಈ ಪುಸ್ತಕಗಳೇ ಆಗಿದ್ದವು. ಪದವಿ ಪಡೆಯದವರ ಮನೆಗೆ ತಲುಪಿದ ವಿಶ್ವವಿದ್ಯಾಲಯಗಳು ಭಾರತದಲ್ಲಿ ಎಷ್ಟಿವೆ?

ಪ್ರಯೋಗಾಲಯದ ಪಾಲು

ಸೆಂಟ್ರಲ್ ತನ್ನ ಪಾಲಿನ ಕೆಲಸವನ್ನೂ ಬಿಟ್ಟಿರಲಿಲ್ಲ. ಭೌತವಿಜ್ಞಾನದಲ್ಲಿ ಬಿ. ವೆಂಕಟೇಶಾಚಾರ್ ರೋಹಿತಶಾಸ್ತ್ರದ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಭ್ಯಾಸ ಮಾಡುವ ಶಾಸ್ತ್ರದ, ಕೆಲಸ ನಡೆಸುತ್ತಿದ್ದರು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಾವು ಕಂಡ ಹೊಸ ವಿಕಿರಣದ ಬಗ್ಗೆ ವಿವರವಾದ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘ ಮತ್ತು ಸೆಂಟ್ರಲ್ ಕಾಲೇಜಿನ ವಿಜ್ಞಾನ ಸಂಘ ಸೇರಿ ನಡೆಸಿದ ಸಭೆಯಲ್ಲಿ. ನೊಬೆಲ್ ತರಲಿದ್ದ ಸಂಶೋಧನೆಯನ್ನು ಕೇಳಲು ಯೋಗ್ಯ ಸಭೆ ಎಂದು ರಾಮನ್ ಆ ಕಾಲೇಜನ್ನು ಎಣಿಸಿದರು ಎಂಬುದೇ ಅದಕ್ಕೆ ಸಿಕ್ಕ ದೊಡ್ಡ ಪ್ರಮಾಣಪತ್ರ. ಪ್ರಾಣಿಶಾಸ್ತ್ರದ ಸಿ.ಆರ್. ನಾರಾಯಣರಾಯರು ಕಪ್ಪೆಗಳ ವರ್ಗೀಕರಣದಲ್ಲಿ ಹೆಸರಾದವರು. 1932ರಲ್ಲಿ ಬೆಂಗಳೂರಿನಲ್ಲಿ ‘ಕರೆಂಟ್ ಸೈನ್ಸ್’ ಎಂಬ ವಿಜ್ಞಾನ ಪತ್ರಿಕೆ ಹುಟ್ಟಿದಾಗ ಅವರೇ ಮೊದಲ ಸಂಪಾದಕರು.

ಟಾಟಾ ಸಂಸ್ಥೆ ಪಕ್ಕದಲ್ಲೇ ಇದ್ದೂ ಸೆಂಟ್ರಲ್ ಬಾಡಲಿಲ್ಲ, ಬದಲಿಗೆ ಅಲ್ಲಿಗೆ ಹುಡುಗರನ್ನು ತಯಾರು ಮಾಡಿ ಕಳಿಸಿತು. ಸಿ.ಎನ್.ಆರ್. ರಾವ್ 1951ರಲ್ಲಿ ಪಡೆದದ್ದು ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ವೈಮಾಂತರಿಕ್ಷ ವಿಜ್ಞಾನಿ ರೊದ್ದಂ ನರಸಿಂಹ ಅವರದು ಅದೇ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವಿ. ಆ ಕಡೆ ಮಹಾರಾಜ ಕಾಲೇಜಿನಿಂದ ಆರ್.ಕೆ. ನಾರಾಯಣ್, ಸಮಾಜಶಾಸ್ತ್ರದ ಎಂ.ಎನ್. ಶ್ರೀನಿವಾಸ್. ಪಟ್ಟಿ ಬೆಳೆಸಬಹುದು, ಆದರೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಎಲ್ಲ ವಿಶ್ವವಿದ್ಯಾಲಯದವರ ಬಳಿಯೂ ಇರುತ್ತದೆ.

ಬಾಗಿಲ ಹೊರಗೆ ನಿಂತವರು

ಇಷ್ಟು ಹೊಗಳಿದ ಮೇಲೆ ಆ ಕಾಲದ ಕರಿಯ ಗೆರೆಯನ್ನು ಮುಚ್ಚಿಡುವುದು ಅನ್ಯಾಯ. ಈ ಭವ್ಯ ತರಗತಿಗಳಲ್ಲಿ ಕೂತಿದ್ದವರು ಯಾರು? ಬಹುಪಾಲು ಬ್ರಾಹ್ಮಣರ ಮಕ್ಕಳು. ಸಂಸ್ಥಾನದ ಹುದ್ದೆಗಳೂ ಅದೇ ರೀತಿ ಹಂಚಿಹೋಗಿದ್ದವು. 1917ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿ ಇದನ್ನು ಪ್ರಶ್ನಿಸಿತು. 1918ರಲ್ಲಿ ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಹಿಂದುಳಿದ ವರ್ಗಗಳಿಗೆ ಹುದ್ದೆ ಮೀಸಲಿಡುವುದು, ಶಿಕ್ಷಣದಲ್ಲಿ ಸೌಲಭ್ಯ ಕೊಡುವುದು ಅದರ ವಿಷಯ. ಅರ್ಹತೆ ಕುಸಿಯುತ್ತದೆ ಎಂದು ನಂಬಿದ್ದ ವಿಶ್ವೇಶ್ವರಯ್ಯನವರು ಇದನ್ನು ಒಪ್ಪದೆ ದಿವಾನಗಿರಿ ಬಿಟ್ಟರು. ವಿಶ್ವವಿದ್ಯಾಲಯ ಕಟ್ಟಿದ ಇಬ್ಬರೂ ಅದು ಯಾರಿಗಾಗಿ ಎಂಬ ಪ್ರಶ್ನೆ ಬಂದಾಗ ಬೇರೆ ಬೇರೆ ದಾರಿ ಹಿಡಿದರು.

ಇದರಲ್ಲಿ ಮಹಾರಾಜರದೇ ದೂರದೃಷ್ಟಿ ಎಂದು ನಾನು ತಿಳಿದಿದ್ದೇನೆ. ಎರಡು ಕಾಲೇಜುಗಳ ಪೈಪೋಟಿ ಎಷ್ಟು ಸೊಗಸಾಗಿದ್ದರೂ ಅದರ ಅಖಾಡಕ್ಕೆ ಇಳಿಯಲು ಕೆಲವರಿಗೆ ಮಾತ್ರ ಅವಕಾಶವಿದ್ದರೆ ಅದು ಒಂದೇ ಬೀದಿಯವರ ಆಟ. ಮಲೆನಾಡಿನ ಒಕ್ಕಲು ಮನೆತನದ ಹುಡುಗನೊಬ್ಬ ಇದೇ ವಿಶ್ವವಿದ್ಯಾಲಯದಲ್ಲಿ ಓದಿ, ಇಲ್ಲೇ ಕಲಿಸಿ, 1955ರಲ್ಲಿ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರೂ 1956ರಲ್ಲಿ ಕುಲಪತಿಯೂ ಆದದ್ದು ಬಾಗಿಲು ಅಗಲವಾಗುತ್ತ ಬಂದದ್ದರ ಗುರುತು. ಮೈಸೂರು ವಿಶ್ವವಿದ್ಯಾಲಯದ ಪದವೀಧರರೊಬ್ಬರು ಅದರ ಕುಲಪತಿಯಾದದ್ದು ಅದೇ ಮೊದಲು.

ಎರಡೂ ಪೂರ್ಣವಾದಾಗ

ಕುಲಪತಿಯಾದ ಕುವೆಂಪು ಮೈಸೂರಿನ ಪಡುವಣ ಬದಿಯಲ್ಲಿ ಸ್ನಾತಕೋತ್ತರ ವಿಭಾಗಗಳಿಗಾಗಿ ಹೊಸ ಆವರಣಕ್ಕೆ ಅಡಿಪಾಯ ಹಾಕಿ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಎಲ್ಲ ವಿದ್ಯೆಗಳೂ ಒಂದೇ ಆವರಣದಲ್ಲಿ ಸೇರಬೇಕೆಂಬ ಹಳೆಯ ಕನಸು ಅದರಲ್ಲಿತ್ತು. ಆದರೆ ಮೈಸೂರಿನಲ್ಲೇ ವಿಜ್ಞಾನ ಬೆಳೆದರೆ ಬೆಂಗಳೂರಿನ ಸೆಂಟ್ರಲ್‌ಗೆ ಏನು ಸ್ಥಾನ? ಮೈಸೂರಿನ ಆವರಣ ತುಂಬತೊಡಗಿದ ಕಾಲದಲ್ಲೇ ಬೆಂಗಳೂರಿಗೂ ತನ್ನದೇ ವಿಶ್ವವಿದ್ಯಾಲಯ ಬಂದದ್ದರಲ್ಲಿ ಆಶ್ಚರ್ಯವಿಲ್ಲ. 1964ರ ಜುಲೈ 10ರಂದು ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಸೆಂಟ್ರಲ್ ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜು ಅದಕ್ಕೆ ಸೇರಿದವು.

ಬೇರೆಯಾದದ್ದೇ ತಪ್ಪು ಎಂದು 1964ನ್ನು ಶಪಿಸುವವರಿದ್ದಾರೆ. ನಾನು ಆ ಪಂಗಡಕ್ಕೆ ಸೇರಿದವನಲ್ಲ. ಎರಡು ಕಾಲೇಜಿಗಾಗಿ ಮಾಡಿದ ಸೆನೆಟ್ಟು ಏಕೀಕರಣದ ನಂತರದ ರಾಜ್ಯದಲ್ಲಿ ಬೆಳೆಯುತ್ತಲೇ ಇದ್ದ ಕಾಲೇಜುಗಳ ಹೊರೆ ಹೊರುವಂತಿರಲಿಲ್ಲ. ಆದರೆ ಆಡಳಿತ ಬೇರೆ ಮಾಡುವ ಭರದಲ್ಲಿ, ಬೇರೆ ಮಾಡಬೇಕಿಲ್ಲದ್ದೂ ಹರಿದುಹೋಯಿತು. ಅಧ್ಯಾಪಕರು ಮೈಸೂರಿನಿಂದ ಬೆಂಗಳೂರಿಗೆ ಹೋಗಬೇಕಾದರೆ ಈಗ ಹೊಸ ಅರ್ಜಿ, ಹೊಸ ಸಂದರ್ಶನ, ಹೊಸ ಸೇವಾ ಲೆಕ್ಕ. ಪಠ್ಯಕ್ರಮ ಎರಡು, ಅಧ್ಯಯನ ಮಂಡಳಿ ಎರಡು. ಒಬ್ಬರ ಪುಸ್ತಕ ಇನ್ನೊಬ್ಬರ ತರಗತಿಗೆ ಬರಬೇಕಾದ ಅಗತ್ಯ ಉಳಿಯಲಿಲ್ಲ.

ಆರಂಭದ ವರ್ಷಗಳಲ್ಲಿ ಹಳೆಯ ಕಾವು ಉಳಿದಿತ್ತು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1969ರಿಂದ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೊರತರತೊಡಗಿತು. ಬೆಂಗಳೂರಿನಲ್ಲಿ ಜಿ.ಎಸ್. ಶಿವರುದ್ರಪ್ಪನವರ ನೇತೃತ್ವದಲ್ಲಿ ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆಯ ಸಂಪುಟಗಳು ಬರುತ್ತಿದ್ದ ದಶಕದಲ್ಲೇ ಮೈಸೂರು ಹಾ.ಮಾ. ನಾಯಕರ ಸಂಪಾದಕತ್ವದಲ್ಲಿ ಇನ್ನೊಂದು ಸಾಹಿತ್ಯ ಚರಿತ್ರೆಗೆ ಕೈಹಾಕಿತು. ಒಂದೇ ಸಾಹಿತ್ಯಕ್ಕೆ ಎರಡು ಬೃಹತ್ ಚರಿತ್ರೆಗಳು, ಅದೂ ಒಂದೇ ಕಾಲದಲ್ಲಿ! ಓದುಗನಿಗೆ ಎರಡು ದೃಷ್ಟಿ ಸಿಕ್ಕಿತು, ಸರಿ. ಆದರೆ ಇವತ್ತಿಗೂ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದಾಗ, ಇಬ್ಬರೂ ಒಂದು ಮೇಜಿನ ಸುತ್ತ ಕುಳಿತಿದ್ದರೆ ಒಬ್ಬರು ಶಾಸನ ಕಾಲಕ್ಕೆ, ಇನ್ನೊಬ್ಬರು ವಚನ ಕಾಲಕ್ಕೆ ಇನ್ನೆಷ್ಟು ಆಳಕ್ಕೆ ಇಳಿಯುತ್ತಿದ್ದರೋ ಎನಿಸದಿರುವುದಿಲ್ಲ.

ಬೆಂಗಳೂರಿಗೆ ಎಚ್. ನರಸಿಂಹಯ್ಯನವರಂಥ ಕುಲಪತಿ ಸಿಕ್ಕಿದ್ದನ್ನೂ ಹೇಳಬೇಕು. ಸೆಂಟ್ರಲ್ ಕಾಲೇಜಿನಲ್ಲೇ ಭೌತವಿಜ್ಞಾನ ಓದಿದವರು. ಅವರ ಕಾಲದಲ್ಲಿ ಜ್ಞಾನಭಾರತಿಯ ವಿಶಾಲ ಆವರಣ ರೂಪುಗೊಂಡಿತು. 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ತನಿಖೆ ಮಾಡಲು ವಿಶ್ವವಿದ್ಯಾಲಯದ ಸಮಿತಿಯನ್ನೇ ರಚಿಸಿದ ಎದೆಗಾರಿಕೆ ಅವರದು. ವಿಶ್ವವಿದ್ಯಾಲಯವೊಂದು ನಾಡಿನ ನಂಬಿಕೆಗಳ ಎದುರು ನಿಂತು ಪ್ರಶ್ನೆ ಕೇಳಿದ್ದು ನಮ್ಮಲ್ಲಿ ಆಮೇಲೆ ಎಷ್ಟು ಸಲ ನಡೆದಿದೆ?

ಆಮೇಲಿನದು ವಿಭಜನೆಯ ಇತಿಹಾಸ. ಮೈಸೂರಿನಿಂದ 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹೊರಬಂದವು. ವೈದ್ಯಕೀಯ ಕಾಲೇಜುಗಳು 1996ರಲ್ಲಿ, ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯಗಳ ಪಾಲಾದವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೇ ಮೂರಾಯಿತು. ಒಂದು ಕಾಲದಲ್ಲಿ ವಿಜ್ಞಾನದ ಪಾಲು ಪಡೆದಿದ್ದ ಸೆಂಟ್ರಲ್ ಕಾಲೇಜು ಆವರಣ ಈಗ ನಗರದ ನಡುವಣ ಕಾಲೇಜುಗಳ ವಿಶ್ವವಿದ್ಯಾಲಯದ ಕಚೇರಿ. ಮಂಡ್ಯ, ಹಾಸನ, ಚಾಮರಾಜನಗರದ ಸ್ನಾತಕೋತ್ತರ ಕೇಂದ್ರಗಳು ಮೈಸೂರಿನಿಂದ ಕಳಚಿ ಜಿಲ್ಲಾ ವಿಶ್ವವಿದ್ಯಾಲಯಗಳಾದವು. 2025ರಲ್ಲಿ ರಾಜ್ಯದ ಸಚಿವ ಸಂಪುಟ ಉಪಸಮಿತಿ ಹಣದ ಕೊರತೆಯ ಕಾರಣ ಕೊಟ್ಟು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾವ ಮುಂದಿಟ್ಟಾಗ ಮತ್ತೆ ಅದೇ ಊರಭಿಮಾನದ ಜಗಳ ಎದ್ದಿತು. ನಮ್ಮ ಜಿಲ್ಲೆಗೆ ಅನ್ಯಾಯ ಎಂಬ ಮಾತು ಎಲ್ಲೆಡೆ ಕೇಳಿತು, ನಮ್ಮ ಜಿಲ್ಲೆಯಲ್ಲಿ ಯಾರು ಕಲಿಸುತ್ತಿದ್ದಾರೆ ಎಂಬ ಮಾತು ಅಪರೂಪವಾಯಿತು.

ಜಿಲ್ಲೆಯ ಜನರ ಸಿಟ್ಟು ಸುಳ್ಳಲ್ಲ. ಚಾಮರಾಜನಗರದ ಹುಡುಗಿಗೆ ಮೈಸೂರಿನ ಹಾಸ್ಟೆಲ್ ಖರ್ಚು ದುಬಾರಿ, ಮನೆಯ ಹತ್ತಿರ ಎಂ.ಎ. ತರಗತಿ ಇದ್ದರೆ ಅವಳು ಓದುತ್ತಾಳೆ, ಇಲ್ಲದಿದ್ದರೆ ಓದು ನಿಲ್ಲುತ್ತದೆ. 1918ರಲ್ಲಿ ಬಾಗಿಲಿನ ಹೊರಗೆ ನಿಂತವರ ಪ್ರಶ್ನೆಯೇ ಈಗ ಈ ರೂಪದಲ್ಲಿ ಬಂದಿದೆ. ಆದ್ದರಿಂದ ಮುಚ್ಚುವುದೋ ಉಳಿಸುವುದೋ ಎಂಬುದಕ್ಕಿಂತ ಮೊದಲು ತೀರ್ಮಾನಿಸಬೇಕಾದ್ದು ಬೇರೆ ಇದೆ. ತರಗತಿ ಆಯಾ ಜಿಲ್ಲೆಯಲ್ಲೇ ಇರಲಿ. ಆದರೆ ಹಳೆಯ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಎಲ್ಲ ವಿಶ್ವವಿದ್ಯಾಲಯಗಳಿಗೂ ಸೇರಿ ಅಧ್ಯಾಪಕರ ಒಂದೇ ವೃಂದ, ಅವರ ನಡುವೆ ಸೇವಾ ಹಿರಿತನ ಕಳೆದುಕೊಳ್ಳದೆ ವರ್ಗಾವಣೆ, ಒಂದು ವಿಷಯಕ್ಕೆ ಒಂದು ಜಂಟಿ ಅಧ್ಯಯನ ಮಂಡಳಿ, ಒಂದು ಜಂಟಿ ಪ್ರಸಾರಾಂಗ ಮಾಡಿದರೆ ಹಾಸನದವರು ಬರೆದ ಪುಸ್ತಕ ಬೆಂಗಳೂರಿನ ತರಗತಿಗೆ ಬರುತ್ತದೆ, ಬೆಂಗಳೂರಿನವರು ಹಾಸನದವರ ಕೆಲಸವನ್ನು ಓದಲೇಬೇಕಾಗುತ್ತದೆ. ಇಷ್ಟಕ್ಕೆ ಹೊಸ ಕಟ್ಟಡ ಬೇಡ, ಹೊಸ ಕುಲಪತಿಗಳೂ ಬೇಡ. ಬೇಕಾಗಿರುವುದು ನೇಮಕಾತಿ ನಿಯಮಗಳ ತಿದ್ದುಪಡಿ ಮತ್ತು, ಅದಕ್ಕಿಂತ ಕಷ್ಟದ್ದು, ತಮ್ಮ ತಮ್ಮ ಅಧ್ಯಯನ ಮಂಡಳಿಯ ಅಧ್ಯಕ್ಷತೆಯನ್ನು ಬಿಟ್ಟುಕೊಡಲು ಹತ್ತಾರು ವಿಭಾಗ ಮುಖ್ಯಸ್ಥರ ಒಪ್ಪಿಗೆ.